ಕಿವಿ ಕೇಳದ ಮಗುವೂ ಅದರ ಉಪಾಧ್ಯಾಯರೂ

ಅಡಿಗೆಮನೆಯಲ್ಲಿ ತಾಯಿ ಅತ್ತೆಯೊಡನೆ ಆಡುವ ಮಾತು, ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು, ಗೂಡಿನಲ್ಲಿಟ್ಟ ರೇಡಿಯೋದಿಂದ ಬರುವ ವಾರ್ತೆ, ಇವು ಯಾವುವೂ ಮಗುವಿಗೆಂದು ಆಡಿದ ಮಾತುಗಳಲ್ಲ. ಆದರೂ ಪಕ್ಕದಲ್ಲಿ ಆಟವಾಡುತ್ತಿರುವ ಮಗು ಅವನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಶಾಲೆಗೆ ಸೇರುವ ವೇಳೆಗೆ ಅದಕ್ಕೆ ಸಾವಿರಾರು ಪದಗಳು ಬಂದಿರುತ್ತವೆ. 'ಮನೆಗೆ', 'ಮನೆಯಲ್ಲಿ', 'ಮನೆಯಿಂದ' ಎಂಬವುಗಳ ವ್ಯತ್ಯಾಸ ಯಾರೂ ಕಲಿಸದೆಯೇ ತಿಳಿದಿರುತ್ತದೆ. ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಈ ಪುಕ್ಕಟೆ ಪಾಠ ಸಿಗುವುದಿಲ್ಲ. ಅದರ ಬುದ್ಧಿಗೆ ಯಾವ ಕೊರತೆಯೂ ಇಲ್ಲ, ಕೊರತೆಯಾಗಿರುವುದು ಭಾಷೆಗೆ. ಅಂಥ ಮಗುವಿಗೆ ಕಲಿಸುವವರಿಗೆ ಬೇಕಾದ ಕೌಶಲಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಮೊದಲನೆಯದು, ಮಗುವಿಗೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂಬುದನ್ನು ತಿಳಿಯುವುದು. ಕಿವುಡಿನಲ್ಲಿ ಅನೇಕ ಬಗೆಗಳುಂಟು. ಕೆಲವು ಮಕ್ಕಳಿಗೆ ಅ, ಆ, ಓ ಎಂಬ ಸ್ವರಗಳು ಕೇಳುತ್ತವೆ. 'ಸ', 'ಶ'ದಂಥ ತೆಳುವಾದ ವ್ಯಂಜನಗಳು ಕೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಇಂಥ ಹುಡುಗ ತಿರುಗಿ ನೋಡುತ್ತಾನೆ. ಹೇಳಿದ ಕೆಲಸವನ್ನು ಮಾತ್ರ ಸರಿಯಾಗಿ ಮಾಡುವುದಿಲ್ಲ. ಆಗ ಅವನಿಗೆ ಸೋಮಾರಿ, ದಡ್ಡ ಎಂಬ ಬಿರುದು ಬರುತ್ತದೆ. ಶ್ರವಣ ಪರೀಕ್ಷೆಯ ನಕ್ಷೆಯನ್ನು ಓದಬಲ್ಲ ಉಪಾಧ್ಯಾಯರು ಈ ಅನ್ಯಾಯವನ್ನು ತಡೆಯಬಲ್ಲರು.

ಶ್ರವಣ ಯಂತ್ರ ಹಾಕಿದೆವು, ಇನ್ನೇನು ಎಂದು ಕೇಳುವವರುಂಟು. ಕನ್ನಡಕ ಹಾಕಿದೊಡನೆ ಅಕ್ಷರ ಸ್ಪಷ್ಟವಾಗುವಂತೆ ಇಲ್ಲಿ ಆಗುವುದಿಲ್ಲ. ಯಂತ್ರವು ಉಪಾಧ್ಯಾಯರ ಮಾತಿನೊಡನೆ ಬೆಂಚು ಎಳೆದ ಸದ್ದನ್ನೂ ಫ್ಯಾನಿನ ಸದ್ದನ್ನೂ ಕಿವಿಗೆ ತುಂಬುತ್ತದೆ. ಮಾತನಾಡುವವರು ದೂರವಾದಷ್ಟೂ ಮಾತು ಸದ್ದಿನಲ್ಲಿ ಮುಳುಗುತ್ತದೆ. ಆದುದರಿಂದ ಮಗು ಮುಂದಿನ ಸಾಲಿನಲ್ಲಿರಬೇಕು. ಬ್ಯಾಟರಿ ಮುಗಿದಿದೆಯೆ, ಕೊಳವೆಯಲ್ಲಿ ಗುಗ್ಗೆ ಕಟ್ಟಿದೆಯೆ ಎಂದು ದಿನವೂ ಬೆಳಿಗ್ಗೆ ನೋಡುವುದು ಪಾಠದ ಒಂದು ಭಾಗವೇ ಸರಿ. ಶಸ್ತ್ರಚಿಕಿತ್ಸೆಯಿಂದ ಕಾಕ್ಲಿಯರ್ ಇಂಪ್ಲಾಂಟ್ ಇಟ್ಟ ಮಕ್ಕಳಿಗೂ ಕೇಳಿದ್ದರ ಅರ್ಥ ಹಿಡಿಯಲು ಬಹುಕಾಲದ ಅಭ್ಯಾಸ ಬೇಕು.

ಇನ್ನು ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವ ವಿಚಾರ. ನೀವು ಕನ್ನಡಿಯ ಮುಂದೆ ನಿಂತು ಧ್ವನಿ ತೆಗೆಯದೆ 'ಮರ' ಎನ್ನಿ, 'ಬರ' ಎನ್ನಿ, 'ಪರ' ಎನ್ನಿ. ಮೂರೂ ಒಂದೇ ತೆರನಾಗಿ ಕಾಣುತ್ತವೆ. 'ಕ', 'ಗ'ಗಳು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಕಷ್ಟ. ಹೀಗಿರುವಾಗ ಮಗು ಅರ್ಧವನ್ನು ನೋಡಿ ಅರ್ಧವನ್ನು ಊಹಿಸಬೇಕಾಗುತ್ತದೆ. ಅದರ ಊಹೆಗೆ ನೆರವಾಗುವುದು ಉಪಾಧ್ಯಾಯರ ಕೈಯಲ್ಲಿದೆ. ಬೆಳಕು ಅವರ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಕರಿಹಲಗೆಯ ಕಡೆ ತಿರುಗಿ ಬರೆಯುತ್ತ ಮಾತನಾಡಬಾರದು. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಬೇಕು. ಕಿರಿಚುವುದೂ ತುಟಿಯನ್ನು ಅತಿಯಾಗಿ ಆಡಿಸುವುದೂ ಮಾತಿನ ಆಕಾರವನ್ನು ಕೆಡಿಸುತ್ತವೆ. ಒಂದು ವಾಕ್ಯ ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ, ಮುಖ್ಯ ಪದವನ್ನು ಬರೆದು ತೋರಿಸಬೇಕು. ಹಿಂದಿನ ಬೆಂಚಿನ ಹುಡುಗ ಕೊಟ್ಟ ಉತ್ತರವನ್ನು ಈ ಮಗುವಿನ ಎದುರು ಇನ್ನೊಮ್ಮೆ ಹೇಳಬೇಕು.

ಸನ್ನೆಯ ಭಾಷೆ ಬೇಕೆ, ಬೇಡವೆ ಎಂಬ ವಾದ ಹಳೆಯದು. 18ನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಪಾದ್ರಿ ಲೆಪೇ ಎಂಬವರು ಸನ್ನೆಯ ಮೂಲಕ ಕಿವುಡರಿಗೆ ಶಿಕ್ಷಣ ಕೊಡುವ ಶಾಲೆಯನ್ನು ನಡೆಸಿದರು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಉಪಾಧ್ಯಾಯರ ಸಮ್ಮೇಳನವು ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿತು. ಅದರಿಂದ ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆಗೆ ಬಹಿಷ್ಕಾರ ಬಿದ್ದಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನವು ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದವನ್ನು ಸೂಚಿಸಿತು. ಈ 130 ವರ್ಷಗಳಲ್ಲಿ ಎಷ್ಟೋ ಮಕ್ಕಳು ಮಾತೂ ಬಾರದೆ, ಸನ್ನೆಯೂ ಇಲ್ಲದೆ ಬೆಳೆದರು.

ಭಾರತೀಯ ಸನ್ನೆ ಭಾಷೆಯನ್ನು ಕನ್ನಡದ ಅಥವಾ ಹಿಂದಿಯ ಕೈಬರಹವೆಂದು ತಿಳಿಯಬಾರದು. ಅದಕ್ಕೆ ತನ್ನದೇ ವ್ಯಾಕರಣವಿದೆ. 2018ರಲ್ಲಿ 3,000 ಪದಗಳೊಡನೆ ಹೊರಬಂದ ಅದರ ನಿಘಂಟು 2021ರ ವೇಳೆಗೆ 10,000 ಪದಗಳಿಗೆ ಬೆಳೆಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸನ್ನೆ ಭಾಷೆ ಬಲ್ಲ ಉಪಾಧ್ಯಾಯರನ್ನು ತರಬೇತು ಮಾಡಿ ನೇಮಿಸಬೇಕೆಂದು ವಿಧಿಸುತ್ತದೆ. ಸನ್ನೆ ಕಲಿತರೆ ಮಗು ಮಾತನ್ನು ಕಲಿಯುವುದಿಲ್ಲವೆಂಬ ಭಯ ಅನೇಕ ತಂದೆತಾಯಿಗಳಿಗೆ ಇದೆ. ಆದರೆ ಯಾವುದಾದರೂ ಒಂದು ಭಾಷೆ ಎಳವೆಯಲ್ಲಿಯೇ ಗಟ್ಟಿಯಾಗಿ ಬಂದರೆ ಎರಡನೆಯದಕ್ಕೆ ಅದೇ ತಳಹದಿಯಾಗುತ್ತದೆ.

ಬರವಣಿಗೆಯಲ್ಲಿ ಈ ಮಕ್ಕಳ ಕಷ್ಟ ಬೇರೆ. ಕನ್ನಡದಲ್ಲಿ ಅರ್ಥದ ಭಾರವೆಲ್ಲ ಪದದ ತುದಿಯಲ್ಲಿರುತ್ತದೆ. ಮಾತಿನಲ್ಲಿ ಬೇಗ ಅಳಿಸಿಹೋಗುವುದೂ ಆ ತುದಿಯೇ. ಆದುದರಿಂದ 'ನಾನು ಅಂಗಡಿ ಅಕ್ಕಿ ತಂದು' ಎಂಬಂಥ ವಾಕ್ಯವನ್ನು ಮಗು ಬರೆಯುವುದುಂಟು. ಕೆಂಪು ಗೀಟು ಎಳೆದರೆ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವುದನ್ನು, ಅಂಗಡಿಯಿಂದ ಬರುವುದನ್ನು ಆಡಿ ತೋರಿಸಿ, ಆಯಾ ಪ್ರತ್ಯಯವನ್ನು ಬೇರೆ ಬಣ್ಣದಲ್ಲಿ ಬರೆದು ಕಾಣಿಸಬೇಕು. ಇತರರು ಕಿವಿಯಿಂದ ಪಡೆದುದನ್ನು ಇವರಿಗೆ ಕಣ್ಣಿನ ಮುಂದೆ ಇಡಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದ ಕೌಶಲ ಇನ್ನೊಂದಿದೆ. 'ತಿಳಿಯಿತೆ?' ಎಂದು ಕೇಳಿದರೆ ಕಿವಿ ಕೇಳದ ಮಗು ತಲೆಯಾಡಿಸುತ್ತದೆ. ಇತರರು ನಕ್ಕಾರೆಂಬ ಸಂಕೋಚ. ಉಪಾಧ್ಯಾಯರಿಗೆ ಬೇಸರವಾದೀತೆಂಬ ಅಂಜಿಕೆ. ಆ ತಲೆಯಾಟವನ್ನು ನಂಬಿ ವರ್ಷವರ್ಷವೂ ಮೇಲಿನ ತರಗತಿಗೆ ಕಳುಹಿಸಿದರೆ, ಹುಡುಗ ಏಳನೆಯ ತರಗತಿ ಮುಟ್ಟಿದರೂ ಒಂದು ಕಾಗದವನ್ನು ಓದಿ ಅರ್ಥ ಮಾಡಿಕೊಳ್ಳಲಾರ. 'ನಾನು ಏನು ಹೇಳಿದೆ? ನೀನು ಹೇಳು, ಬರೆ, ಚಿತ್ರ ಹಾಕಿ ತೋರಿಸು' ಎಂದು ಕೇಳುವ ಉಪಾಧ್ಯಾಯರಿಗೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಕೊನೆಯದಾಗಿ, ಮನೆಯವರಿಗೆ ಒಂದು ಮಾತು. ಬಾಗಿಲು ಬಡಿದರೂ ಬೆಚ್ಚದ ಕೂಸನ್ನು, ಎರಡು ವರ್ಷವಾದರೂ ಮಾತು ಬಾರದ ಮಗುವನ್ನು ಕಂಡು 'ಇವರಪ್ಪನಿಗೂ ತಡವಾಗಿಯೇ ಮಾತು ಬಂತು' ಎಂದು ಕಾಯುತ್ತ ಕೂಡಬೇಡಿ. ಹಸುಗೂಸಿನ ಕಿವಿಯನ್ನೂ ಪರೀಕ್ಷಿಸುವ ಸಾಧನಗಳು ಈಗ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಪಾಧ್ಯಾಯರ ತರಬೇತಿಯೂ ನಡೆಯುತ್ತವೆ. ಎಷ್ಟೇ ನುರಿತ ಉಪಾಧ್ಯಾಯರಾದರೂ ಐದು ವರ್ಷ ಭಾಷೆಯಿಲ್ಲದೆ ಕಳೆದ ಮಗುವಿಗೆ ಆ ಐದು ವರ್ಷಗಳನ್ನು ಮರಳಿ ಕೊಡಲಾರರು.