ಊಟ ಆಯ್ತಾ? ಎಷ್ಟು ಗಂಟೆಗೆ?

ನಮ್ಮ ಗಡಿ ಊರುಗಳಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು ಒಂದೇ. ಕನ್ನಡದವರು 'ಊಟ ಆಯ್ತಾ?' ಎನ್ನುತ್ತಾರೆ, ತಮಿಳರು 'ಸಾಪ್ಟಾಚಾ?' ಎನ್ನುತ್ತಾರೆ. ಎರಡೂ ಭಾಷೆಯ ನಾವು ಎರಡನ್ನೂ ಕೇಳುತ್ತೇವೆ. ಆದರೆ ಎಷ್ಟು ಗಂಟೆಗೆ ಆಯಿತು ಎಂದು ಯಾರೂ ಕೇಳುವುದಿಲ್ಲ. ಮಲಗುವ ಹೊತ್ತಿನಲ್ಲಿ ತಿನ್ನುವ ಅಭ್ಯಾಸವನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ತಿರುಪ್ಪೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದು ನಿವೃತ್ತನಾದವನು. ನನ್ನ ಮನೆಯಲ್ಲಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಹೇಳುತ್ತೇನೆ.

ತಿರುಪ್ಪೂರು ಬನಿಯನ್ನಿನ ಊರು. ಇಲ್ಲಿ ಊಟದ ಹೊತ್ತನ್ನು ಹೊಟ್ಟೆ ಹೇಳುವುದಿಲ್ಲ, ಕಂಪನಿಯ ಗಡಿಯಾರ ಹೇಳುತ್ತದೆ. ಒಂದು ಶಿಫ್ಟ್ ಆದರೆ ಸಂಜೆ ಐದೂವರೆಗೆ ಬಿಡುಗಡೆ. ಆರ್ಡರ್ ಅವಸರವಿದ್ದರೆ 'ಒಂದೂವರೆ ಶಿಫ್ಟ್'. ಆಗ ಹೊರಗೆ ಬರುವಾಗ ರಾತ್ರಿ ಎಂಟೂವರೆ, ಒಂಬತ್ತು. ನಿಟ್ಟಿಂಗ್ ಯಂತ್ರಗಳವರಿಗಂತೂ ರಾತ್ರಿಯೇ ಹಗಲು. ಬಸ್ಸಿಗೆ ಕಾಯುವಾಗ ಬೇಕರಿಯ ಟೀ, ಪಫ್ಸ್; ತಳ್ಳುಗಾಡಿಯಲ್ಲಿ ಒಂದು ತಟ್ಟೆ ಕಾಳಾನ್. ಹೆಸರಿಗೆ ಅಣಬೆ, ಬಾಯಿಗೆ ಹೆಚ್ಚಾಗಿ ಸಿಗುವುದು ಎಲೆಕೋಸು ಮತ್ತು ಮೈದಾ. ಹತ್ತು ಗಂಟೆಯಾದರೂ ಕೊತ್ತು ಪರೋಟದ ಸದ್ದು ಬೀದಿಯ ತುದಿಗೆ ಕೇಳುತ್ತದೆ. ದುಡಿದ ಮೈಗೆ ಹಸಿವಾಗುವುದು ತಪ್ಪಲ್ಲ. ಅವರನ್ನು ಬೈಯಲು ನಾನು ಇಲ್ಲಿ ಕುಳಿತಿಲ್ಲ.

ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ವರ್ಷಾಂತ್ಯದ ಲೆಕ್ಕದ ದಿನಗಳಲ್ಲಿ ನಾನು ಮನೆ ಸೇರುವಾಗ ರಾತ್ರಿ ಹತ್ತಾಗುತ್ತಿತ್ತು. 2016ರ ನವೆಂಬರ್ 8ರಂದು ಐನೂರು, ಸಾವಿರದ ನೋಟುಗಳು ರದ್ದಾದವಲ್ಲ, ಆ ಮೇಲಿನ ವಾರಗಳನ್ನು ಕೇಳುವುದೇ ಬೇಡ. ಶನಿವಾರ ಶನಿವಾರ ಕೈಯಲ್ಲಿ ಸಂಬಳ ಎಣಿಸಿಕೊಳ್ಳುವ ಊರಿದು. ಕ್ಯೂ ಕರಗಿ, ನೋಟು ಎಣಿಸಿ, ಲೆಕ್ಕ ಹೊಂದಿಸಿ ಹೊರಡುವಾಗ ದಾರಿಯಲ್ಲಿ ನಾಲ್ಕು ಬೋಂಡ ಕಟ್ಟಿಸಿಕೊಳ್ಳುತ್ತಿದ್ದೆ. ಬರಿಗೈಯಲ್ಲಿ ಹೋಗಬಾರದೆಂಬ ಪ್ರೀತಿ ಅದು. ಮನೆಯಾಕೆ ಉಣ್ಣದೆ ಕಾಯುತ್ತಿದ್ದಳು. 'ನೀನು ಉಂಡು ಮಲಗಬಾರದೆ?' ಎಂದರೆ, 'ನೀವು ಬಾರದೆ ನಾನು ಹೇಗೆ ಉಣ್ಣಲಿ ರೀ?' ಎನ್ನುತ್ತಿದ್ದಳು. ಇಬ್ಬರೂ ಬೋಂಡ ತಿಂದು, ಮೇಲೆ ಅನ್ನ ಸಾರು ಉಂಡು, ಪಾತ್ರೆ ಎತ್ತಿಟ್ಟ ಕೈಯಲ್ಲೇ ದೀಪ ಆರಿಸುತ್ತಿದ್ದೆವು.

ನಿವೃತ್ತನಾದ ವರ್ಷವೇ ಆಕೆಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ವೈದ್ಯರು ಏನು ಉಣ್ಣುತ್ತೀರಿ ಎಂದು ಕೇಳುವ ಮೊದಲೇ, 'ರಾತ್ರಿ ಎಷ್ಟು ಗಂಟೆಗೆ ಉಣ್ಣುತ್ತೀರಮ್ಮಾ?' ಎಂದು ಕೇಳಿದರು. ಆಕೆ ನನ್ನ ಮುಖ ನೋಡಿದಳು. ತಡವಾದ ಊಟದಿಂದಲೇ ಕಾಯಿಲೆ ಬಂತು ಎಂದು ನಾನು ಹೇಳಲಾರೆ. ಮನೆತನ, ವಯಸ್ಸು, ಮೈತೂಕ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೂ ಆ ನೋಟವನ್ನು ನಾನು ಮರೆತಿಲ್ಲ.

ನಮ್ಮ ಮೈಯೊಳಗೆ ಒಂದು ಗಡಿಯಾರವಿದೆ. ಅದು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಕತ್ತಲಾಗಿ ನಿದ್ದೆಯ ಹೊತ್ತು ಹತ್ತಿರವಾದಂತೆ ರಕ್ತದ ಸಕ್ಕರೆಯನ್ನು ನಿಭಾಯಿಸುವ ಇನ್ಸುಲಿನ್ನಿನ ಕೆಲಸ ನಿಧಾನವಾಗುತ್ತದೆ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಕೌಂಟರ್ ಮುಚ್ಚಿದ ಮೇಲೆ ತಂದ ಹಣದಂತೆ ಆ ಸಕ್ಕರೆ ಬಹಳ ಹೊತ್ತು ಹಾಗೆಯೇ ಬಿದ್ದಿರುತ್ತದೆ. ಬಾಸ್ಟನ್ ನಗರದಲ್ಲಿ 19 ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ರಾತ್ರಿ ಪಾಳಿಯವರಂತೆ ಎಚ್ಚರವಿರಿಸಿ ಪರೀಕ್ಷಿಸಿದರು. ರಾತ್ರಿಯೂ ಉಂಡವರ ರಕ್ತದ ಸಕ್ಕರೆ ಸರಾಸರಿ ನೂರಕ್ಕೆ 6.4ರಷ್ಟು ಏರಿತು, ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಏರಲಿಲ್ಲ. 2021ರಲ್ಲಿ ಪ್ರಕಟವಾದ ಈ ಪರೀಕ್ಷೆ ಸಣ್ಣದು, ಆದರೆ ನಮ್ಮ ಊರಿಗೆ ಬೇಕಾದದ್ದು. ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜು ಮಾಡಿದೆ.

ಇನ್ನೊಂದು ತೊಂದರೆ ಎದೆಯುರಿ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಜಠರದ ಹುಳಿರಸ ಅನ್ನನಾಳಕ್ಕೆ ಮೇಲೇರುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಇದ್ದರೆ ಒಳ್ಳೆಯದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಅಂಗುಲದ ಮರದ ತುಂಡು ಕೊಟ್ಟರೂ ಅನುಕೂಲ. ಆದರೆ ಒಂದು ಎಚ್ಚರಿಕೆ: ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ, 'ಗ್ಯಾಸ್' ಎಂದು ಸೋಡಾ ಕುಡಿದು ಕೂರಬೇಡಿ. ಕೂಡಲೆ ಆಸ್ಪತ್ರೆಗೆ ಹೋಗಿ.

ಹೊತ್ತಿಗೆ ಮುಂಚೆ ಉಣ್ಣುವುದು ನಮ್ಮ ನೆಲಕ್ಕೆ ಹೊಸದಲ್ಲ. ಪೆರುಂದುರೈ ಬಳಿಯ ವಿಜಯಮಂಗಲದಲ್ಲಿ ಹಳೆಯ ಜೈನ ಬಸದಿಯಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನ ತಂಗಿ ಸಲ್ಲೇಖನ ಕೈಗೊಂಡದ್ದು ಅಲ್ಲೇ ಎನ್ನುತ್ತಾರೆ. ಕನ್ನಡನಾಡಿಗೂ ಕೊಂಗುನಾಡಿಗೂ ಅಷ್ಟು ಹಳೆಯ ನಂಟು. ಜೈನರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ದೀಪಕ್ಕೆ ಬಂದ ಹುಳು ಅನ್ನಕ್ಕೆ ಬಿದ್ದು ಸಾಯಬಾರದೆಂಬ ದಯೆ ಅದರ ಮೂಲ. ಆ ದಯೆ ಉಣ್ಣುವವನ ಹೊಟ್ಟೆಗೂ ಆಯಿತು ಎನ್ನಬಹುದು.

ಹಾಗಾದರೆ ಒಂಬತ್ತಕ್ಕೆ ಕೆಲಸ ಬಿಡುವವರು ಏನು ಮಾಡಬೇಕು? ಸಂಜೆಯ ಟೀ ಬಿಡುವಿನಲ್ಲಿ ಬಜ್ಜಿಯ ಬದಲು ಡಬ್ಬಿಯಲ್ಲಿ ತಂದ ಇಡ್ಲಿಯನ್ನೋ ರಾಗಿ ಮುದ್ದೆಯನ್ನೋ ಉಣ್ಣಬಹುದು. ಮುದ್ದೆಯೆಂದರೇನು, ತಮಿಳಿನ ಕಳಿಯೇ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ ಸಾಕು. ರಾತ್ರಿ ಪಾಳಿಯವರು ಹೊರಡುವ ಮುನ್ನವೇ ಹೊಟ್ಟೆ ತುಂಬ ಉಣ್ಣಲಿ. ನಡುರಾತ್ರಿ ಹಸಿವಾದರೆ ಒಂದು ಹಿಡಿ ಸುಂಡಲ್ ಸಾಕು, ಪರೋಟ ಬೇಡ. ಇನ್ಸುಲಿನ್ನೋ ಸಕ್ಕರೆಯ ಮಾತ್ರೆಯೋ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು, ಊಟ ಬಿಡಲೂಬಾರದು. ಸಕ್ಕರೆ ತೀರಾ ಇಳಿದರೆ ಅದೂ ಅಪಾಯ.

ಇನ್ನು ಮನೆಯ ಗಂಡಸರಿಗೆ ಒಂದು ಮಾತು. ನಿಮಗಾಗಿ ಕಾಯುವವಳು ಹಸಿದಿರುತ್ತಾಳೆ. ತಡವಾಗುವುದಾದರೆ ಮೊಬೈಲಿನಲ್ಲಿ ಎರಡು ಮಾತು ಹೇಳಿ: 'ನೀನು ಉಂಡುಬಿಡು.' ಬೋಂಡಕ್ಕಿಂತ ಅದೇ ದೊಡ್ಡ ಪ್ರೀತಿ. ನನಗೆ ಇದು ತಿಳಿದದ್ದು ತಡವಾಗಿ.

ಈಗ ನಮ್ಮ ಮನೆಯಲ್ಲಿ ಏಳು ಗಂಟೆಗೆ ತಟ್ಟೆ ಹಾಕುತ್ತೇವೆ. ಆಕೆಯ ಕಾಯಿಲೆ ಹೋಗಿಲ್ಲ, ಮಾತ್ರೆ ನಿಂತಿಲ್ಲ. ಬೆಳಗಿನ ಸಕ್ಕರೆಯ ಅಂಕಿ ಮಾತ್ರ ಮೊದಲಿಗಿಂತ ಕೆಳಗಿದೆ, ನನ್ನ ಎದೆಯುರಿ ಕಡಿಮೆಯಾಗಿದೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮಗೆಲ್ಲ ಗೊತ್ತು. ಊಟ ಬಲ್ಲವನೆಂದರೆ ಊಟದ ಹೊತ್ತನ್ನೂ ಬಲ್ಲವನು. ನಾಳೆ ಯಾರಾದರೂ ಎದುರಾದರೆ 'ಊಟ ಆಯ್ತಾ?' ಎಂದು ಕೇಳಿ. ಜೊತೆಗೆ 'ಎಷ್ಟು ಗಂಟೆಗೆ?' ಎಂದೂ ಕೇಳಿ.