ದಾಸವಾಳದ ಕುಡಿಯಲ್ಲಿ ಕಂಡದ್ದು



ನಮ್ಮ ಹಿತ್ತಲಿನ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಕುಡಿಯೆಲ್ಲ ಮುರುಟಿ, ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗಾಗಿತ್ತು. ಬೇವಿನೆಣ್ಣೆ ಹೊಡೆಯುವ ಮೊದಲು ಒಂದು ಫೋಟೋ ಇರಲಿ ಎಂದು ಮ್ಯಾಕ್ರೋ ಲೆನ್ಸ್ ಹಿಡಿದೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ, ಗುಂಪಿನಲ್ಲೊಂದು ಬೇರೆಯೇ! ಅದರ ಮೈಮೇಲಿನ ಮೇಣದ ಎಳೆಗಳು ಉದ್ದುದ್ದ, ಜಡೆಗಟ್ಟಿದ ಹಾಗೆ. ಉಳಿದವು ರಸ ಹೀರುತ್ತ ಕೂತಲ್ಲೇ ಕೂತಿದ್ದರೆ ಇದು ಸರಸರ ಹರಿದಾಡಿ ಒಂದು ತಿಗಣೆಯ ಮೊಟ್ಟೆಚೀಲಕ್ಕೆ ಬಾಯಿ ಹಾಕಿತು. ಅದು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯ ವೇಷ ತೊಟ್ಟು ಹಿಟ್ಟು ತಿಗಣೆಯನ್ನೇ ತಿನ್ನುವಂಥದ್ದು. ಎಣ್ಣೆಯ ಬಾಟಲಿಯನ್ನು ಒಳಗಿಟ್ಟೆ.

ಇಷ್ಟು ಚಿಕ್ಕ ಜೀವವನ್ನು ಹತ್ತಿರದಿಂದ ನೋಡುವ ಭಾಗ್ಯ ಮನುಷ್ಯನಿಗೆ ತಡವಾಗಿ ಒದಗಿತು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ‘ಮೈಕ್ರೊಗ್ರಾಫಿಯಾ’ ಹೊರತಂದಾಗ ಅದರಲ್ಲಿದ್ದ ಚಿಗಟದ ಚಿತ್ರ ಪುಸ್ತಕಕ್ಕಿಂತ ದೊಡ್ಡದು, ಮಡಿಸಿ ಇಡಬೇಕಿತ್ತು. ಇರುವೆ ಮಾತ್ರ ಅವನನ್ನು ಬಹಳ ಕಾಡಿತು. ಕಾಲಿಗೆ ಅಂಟು ಹಾಕಿದರೆ ಕೊಸರಾಡುತ್ತದೆ, ಕೊಂದರೆ ಮೈ ಮುದುಡುತ್ತದೆ. ಕೊನೆಗೆ ಹುಕ್ ಅದಕ್ಕೆ ಬ್ರಾಂದಿ ಕುಡಿಸಿದ. ಅಮಲೇರಿ ಬಿದ್ದ ಇರುವೆ ಒಂದು ಗಂಟೆಗೂ ಮೀರಿ ಅಲುಗದೆ ಮಲಗಿತ್ತು. ಆಮೇಲೆ ತಟ್ಟನೆ ಎದ್ದು ಓಡಿತು. ಹುಳುವಿನ ಫೋಟೋ ತೆಗೆಯಲು ಉಸಿರು ಬಿಗಿಹಿಡಿದು ಕೂತವರಿಗೆಲ್ಲ ಹುಕ್‌ನ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಚಿತ್ರವಿದ್ದರೆ ಸಾಲದು, ಹೆಸರೂ ಬೇಕು. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರಿಡುವ ಕ್ರಮ ತಂದ. ಅವನ ಶಿಷ್ಯ ಕ್ಯೋನಿಗ್ 1768ರಲ್ಲಿ ವೈದ್ಯನಾಗಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದು, ಅಲ್ಲಿನ ಕೀಟಗಳನ್ನು ಕೂಡಿಹಾಕಿದ. ಇನ್ನೊಬ್ಬ ಶಿಷ್ಯ ಫ್ಯಾಬ್ರಿಸಿಯಸ್ ಅವಕ್ಕೆ ಹೆಸರಿಟ್ಟ. ಅವನು ನೋಡುತ್ತಿದ್ದದ್ದು ಕೀಟದ ಬಾಯಿ: ಕಚ್ಚುವಂಥದ್ದೋ, ಹೀರುವಂಥದ್ದೋ? ತೋಟದವರು ಈಗಲೂ ಕೇಳುವ ಪ್ರಶ್ನೆ ಅದೇ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಾಪಾಸುಕಳ್ಳಿಯ ಕತೆಯಿದೆ. ಕೆಂಪು ಬಣ್ಣದ ವ್ಯಾಪಾರಕ್ಕೆಂದು 1795ರಲ್ಲಿ ಬ್ರೆಜಿಲ್‌ನಿಂದ ಆ ಬಣ್ಣ ಕೊಡುವ, ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಹುಳುಗಳು ಭಾರತಕ್ಕೆ ಬಂದವು. ಅವೂ ಬಿಳಿ ಮೇಣ ಹೊದ್ದವೇ. ಅಸಲಿ ಜಾತಿಯ ಮೈಮೇಲೆ ಪುಡಿ ಇರುತ್ತದೆ, ಬಂದಿಳಿದದ್ದರ ಮೈಮೇಲೆ ಹತ್ತಿಯಂಥ ಎಳೆ. ಗುರುತು ತಪ್ಪಿದ್ದರಿಂದ ಬಣ್ಣದ ಆಸೆ ಕೈಗೂಡಲಿಲ್ಲ. ಆದರೆ ಆ ಹುಳು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಬಯಲುಬಯಲಾಗಿ ತಿಂದು ತೀರಿಸಿತು!

ಫೋಟೋ ಬಂದದ್ದು ಆಮೇಲೆ. ಹೆನ್ರಿ ಟಾಲ್ಬಟ್ 1840ರ ಸುಮಾರಿಗೆ ಬಿಸಿಲಿನ ಸೂಕ್ಷ್ಮದರ್ಶಕದಲ್ಲಿ ಕೀಟದ ರೆಕ್ಕೆಗಳನ್ನು ಸೆರೆಹಿಡಿದ. ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯ ಸೂಕ್ಷ್ಮದರ್ಶಕದ ಫೋಟೋಗಳಿಗಾಗಿಯೇ ದುಡಿದವನು. ಆಗ ಫೋಟೋ ತೆಗೆಯಲು ಬಳಸುತ್ತಿದ್ದ ಹಸಿ ಫಲಕದ ಈಥರ್ ಆವಿಯಿಂದ ಅವನ ಆರೋಗ್ಯ ಕೆಟ್ಟಿತ್ತು. ಅದಕ್ಕೆ ಬದಲಿ ಹುಡುಕಿ 1871ರಲ್ಲಿ ಜೆಲಟಿನ್ ಫಲಕ ಸೂಚಿಸಿದ. ಮುಂದಿನ ಫಿಲ್ಮ್ ಯುಗವೆಲ್ಲ ಬೆಳೆದದ್ದು ಆ ಜೆಲಟಿನ್ ಮೇಲೆ. ಹುಳು ನೋಡುವ ಹಂಬಲಕ್ಕೆ ಲೋಕದ ಛಾಯಾಗ್ರಹಣವೇ ಋಣಿ ಎಂದು ನಾನು ನಂಬಿದ್ದೇನೆ. ಅಮೆರಿಕದ ಡೇವಿಡ್ ಫೇರ್‌ಚೈಲ್ಡ್ ದಂಪತಿ ಅಡಿಗಟ್ಟಲೆ ಉದ್ದದ ಕ್ಯಾಮೆರಾ ಕಟ್ಟಿಕೊಂಡು, ತೋಟದ ಹುಳುಗಳ ಮುಖಗಳನ್ನೇ 1914ರಲ್ಲಿ ಪುಸ್ತಕ ಮಾಡಿದರು.

ಇಂದು ಕ್ಯಾಮೆರಾ ಚಿಕ್ಕದಾಗಿದೆ, ತೊಡಕು ಹಳೆಯದೇ. ಹುಳುವಿನ ಕಣ್ಣು ಸ್ಫುಟವಾದರೆ ಕಾಲು ಮಸುಕು. ಅದಕ್ಕೇ ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಚಿತ್ರ ತೆಗೆದು ಒಂದಾಗಿಸುತ್ತಾರೆ. ಚಳಿಯ ಬೆಳಗಿನಲ್ಲಿ ಹೋದರೆ ಹುಳು ಜಡವಾಗಿ ಕೂತಿರುತ್ತದೆ, ಬ್ರಾಂದಿ ಬೇಡ. ಹಾಗಿದ್ದೂ ಹಿಟ್ಟು ತಿಗಣೆಯ ಜಾತಿ ಹೇಳಲು ಅದನ್ನು ಗಾಜಿನ ಸ್ಲೈಡಿಗೇರಿಸಿ ನೋಡಲೇಬೇಕು. 2008ರಲ್ಲಿ ಕೊಯಮತ್ತೂರಿನ ಪಪ್ಪಾಯಿಗೆ ಹತ್ತಿದ ತಿಗಣೆ ಯಾವುದೆಂದು ಸರಿಯಾಗಿ ಗುರುತಾದದ್ದರಿಂದಲೇ ಅದರ ವೈರಿಯಾದ ಪುಟ್ಟ ಕಣಜ 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ಬಂತು.

ನನ್ನ ದಾಸವಾಳದ ಅತಿಥಿಯ ಪೂರ್ವಿಕರೂ ದೂರದವರೇ. ಕಾಫಿಯ ಹಸಿರು ಶಲ್ಕ ಕೀಟಕ್ಕೆ ಮದ್ದಾಗಲೆಂದು 1898ರಲ್ಲಿ ಅವನ್ನು ಆಸ್ಟ್ರೇಲಿಯಾದಿಂದ ಕರೆಸಿದ್ದರು. ಕೆಲವು ದಿನ ಬಿಟ್ಟು ಎಲೆಯ ಅಡಿ ನೋಡಿದೆ. ಬಿಳಿ ಮೇಣದ ಗೂಡು ಬಿರಿದಿತ್ತು. ಪಕ್ಕದಲ್ಲಿ ಕಿತ್ತಳೆ ತಲೆಯ, ಕಪ್ಪು ಬೆನ್ನಿನ, ಸಾಸಿವೆಗಿಂತ ತುಸು ದೊಡ್ಡ ಗುಲಗಂಜಿ ಹುಳುವೊಂದು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು.