ಫೋಟೊದಲ್ಲಿ ಬಾರದ ಬಣ್ಣ

ನಾನು ಬಟ್ಟೆಗೆ ಪ್ರಿಂಟ್ ಡಿಸೈನ್ ಮಾಡೋಳು. ಮೊರೊಕ್ಕೊಗೆ ಹೋಗಿ ಬಂದೆ ಅಂದ ತಕ್ಷಣ ಸ್ನೇಹಿತರೆಲ್ಲ ಕೇಳೋದು ಒಂದೇ, "ಫೋಟೊ ತೋರ್ಸೆ". ಫೋಟೊ ಬೇಕಾದಷ್ಟಿವೆ. ಆದ್ರೆ ನನ್ನ ಕೆಲಸಕ್ಕೆ ಬಂದದ್ದು ಅವಲ್ಲ.

ಫೆಜ್ ನಗರದ ಹಳೇ ಪೇಟೆಯೊಳಗೆ ಶುವಾರಾ ಅಂತ ಚರ್ಮ ಹದ ಮಾಡೋ ಜಾಗ ಇದೆ. ಅಲ್ಲಿ ಈ ಕೆಲಸ ನೂರಾರು ವರ್ಷಗಳಿಂದ ನಡೀತಾ ಇದೆ. ಪಕ್ಕದ ಅಂಗಡಿಗಳ ಮಹಡಿಯಿಂದ ನೋಡಿದ್ರೆ ಕೆಳಗೆ ಜೇನುಗೂಡಿನ ಹಾಗೆ ಕಲ್ಲಿನ ತೊಟ್ಟಿಗಳು. ಕೆಲವು ಸುಣ್ಣದ ಬಿಳಿ, ಕೆಲವು ಕೆಂಪು, ಹಳದಿ, ಕಂದು. ರೀಲ್ಸ್‌ನಲ್ಲಿ ಅದು ಮಕ್ಕಳ ವಾಟರ್ ಕಲರ್ ಡಬ್ಬಿ ಥರ ಕಾಣುತ್ತೆ. ಆದ್ರೆ ಮೆಟ್ಟಿಲು ಹತ್ತೋ ಮೊದಲೇ ಅಂಗಡಿಯವರು ಕೈಗೊಂದು ಪುದೀನ ಕಡ್ಡಿ ಕೊಟ್ಟು, ಮೂಗಿಗೆ ಹಿಡ್ಕೊಳ್ಳಿ ಅಂತಾರೆ. ಯಾಕೆ ಅನ್ನೋದು ಮೇಲೆ ಹೋದ್ಮೇಲೆ ಗೊತ್ತಾಗುತ್ತೆ. ಬಿಳಿ ತೊಟ್ಟಿಗಳಲ್ಲಿ ಸುಣ್ಣದ ಜೊತೆಗೆ ಪಾರಿವಾಳದ ಹಿಕ್ಕೆ ಇರುತ್ತೆ. ಅದರಲ್ಲಿರೋ ಅಮೋನಿಯಾ ಚರ್ಮವನ್ನ ಮೆತ್ತಗೆ ಮಾಡುತ್ತೆ. ನಮ್ಮ ಮೂಗನ್ನ ಸುಡೋದೂ ಅದೇ. ತೊಟ್ಟಿಯೊಳಗೆ ಇಳಿದು ಚರ್ಮ ತುಳಿಯೋರ ಕೈಯಲ್ಲಿ ಮಾತ್ರ ಪುದೀನ ಇರಲ್ಲ.

ಅವತ್ತಿಂದ ಫೋನ್ ಬ್ಯಾಗಿಗೆ ಹಾಕಿ, ಪುಸ್ತಕದಲ್ಲಿ ಬರೀತಾ ಹೋದೆ. ಈ ಬಣ್ಣದ ಪಕ್ಕ ಏನು ವಾಸನೆ? ನಮ್ಮನೇಲಿ ಇದಕ್ಕೆ ಹತ್ತಿರವಾದದ್ದು ಯಾವುದು? ಇಷ್ಟೇ. ಕಣ್ಣು, ಕಿವಿಯ ಸುದ್ದಿ ಮೆದುಳಿನಲ್ಲಿ ಥಲಾಮಸ್ ಅನ್ನೋ ಜಂಕ್ಷನ್ ದಾಟಿ ಮುಂದೆ ಹೋಗುತ್ತೆ. ವಾಸನೆ ಆ ಜಂಕ್ಷನ್‌ನಲ್ಲಿ ನಿಲ್ಲದೆ, ನೆನಪು ಮತ್ತು ಭಾವನೆಯ ಭಾಗಗಳಿಗೆ ಸೀದಾ ಮುಟ್ಟುತ್ತೆ. ಅದಕ್ಕೇ ಆ ಪುಸ್ತಕದ ಎರಡು ಸಾಲು ಓದಿದ್ರೆ ಇಡೀ ಮಧ್ಯಾಹ್ನ ವಾಪಸ್ ಬರುತ್ತೆ. ಇನ್ನೂರು ಫೋಟೊ ಸ್ಕ್ರೋಲ್ ಮಾಡಿದ್ರೂ ನನಗೆ ಹಾಗೆ ಬರಲ್ಲ.

ಫೆಜ್ ಆದ್ಮೇಲೆ ಮರ್ರಕೇಶ್. ಅಲ್ಲಿ ಮಜೊರೆಲ್ ತೋಟ ಇದೆ. ಫ್ರೆಂಚ್ ಕಲಾವಿದ ಜಾಕ್ ಮಜೊರೆಲ್ ಬೆಳೆಸಿದ್ದು, ಗೋಡೆಗಳಿಗೆ ಕಡು ನೀಲಿ ಬಳಿದಿದ್ದೂ ಅವರೇ. ಫ್ಯಾಷನ್ ಡಿಸೈನರ್ ಈವ್ ಸ್ಯಾಂ ಲೊರಾಂ 1966ರಲ್ಲಿ ಮೊದಲ ಸಲ ಈ ಊರಿಗೆ ಬಂದ್ರು, 1980ರಲ್ಲಿ ಸಂಗಾತಿ ಪಿಯೆರ್ ಬೆರ್ಜೆ ಜೊತೆ ಸೇರಿ ಈ ತೋಟವನ್ನೇ ಕೊಂಡ್ಕೊಂಡ್ರು. ಬಣ್ಣ ಕಲಿತದ್ದು ಇಲ್ಲೇ ಅನ್ನೋ ಅರ್ಥದಲ್ಲಿ ಅವರು ಮಾತಾಡಿದ್ದೂ ಉಂಟು. ನಾನು ಆ ಗೋಡೆಯ ಮೂರು ಫೋಟೊ ತೆಗೆದೆ. ಮೂರರಲ್ಲೂ ಬೇರೆ ಬೇರೆ ನೀಲಿ! ಫೋನಿನ ಆಟೊ ವೈಟ್ ಬ್ಯಾಲೆನ್ಸ್ ತನ್ನ ಲೆಕ್ಕದಲ್ಲಿ ಬಣ್ಣ "ಸರಿ" ಮಾಡಿಬಿಟ್ಟಿತ್ತು.

ಅಲ್ಲಿಂದ ಮಸಾಲೆ ಅಂಗಡಿಗಳ ಓಣಿಗೆ ಹೋದೆ. ಜೀರಿಗೆ, ಒಣ ಗುಲಾಬಿ ಮೊಗ್ಗಿನ ಘಮ. ನಡುವೆ ಗುಡ್ಡೆ ಹಾಕಿದ್ದ ನೀಲಿ ಪುಡಿ. ಹೆಸರೇನು ಅಂದೆ. "ನಿಲಾ" ಅಂದ್ರು. ಸಂಸ್ಕೃತದ ನೀಲ ಅರಬಿಗೆ ಹೋಗಿ ಉಳಿದ ಪದ ಅದು. ಹಬ್ಬದ ಹಿಂದಿನ ದಿನ ನಮ್ಮಜ್ಜಿ ತಾತನ ಬಿಳಿ ಪಂಚೆಯನ್ನ ನೀಲಿ ನೀರಲ್ಲಿ ಅದ್ದೋದು, ಆ ಒದ್ದೆ ಬಟ್ಟೆ ವಾಸನೆ, ಎಲ್ಲ ಅಲ್ಲೇ ಬಂದುಬಿಡ್ತು.

ಊರಿಗೆ ಬಂದ್ಮೇಲೆ ಒಬ್ಬ ಗಿರಾಕಿ "ಮೊರೊಕ್ಕೊ ಕಲೆಕ್ಷನ್" ಕೇಳಿದ್ರು. ಅಲ್ಲಿನ ಜೆಲ್ಲೀಜ್ ಹೆಂಚಿನ ವಿನ್ಯಾಸ ಹಾಗೇ ಬಟ್ಟೆ ಮೇಲೆ ಬರ್ಬೇಕಂತೆ. ಆ ಒಂದೊಂದು ಚೂರನ್ನೂ ಸುತ್ತಿಗೆಯಿಂದ ಕೆತ್ತೋರು ಎಷ್ಟೋ ವರ್ಷ ಕೂತು ಕಲೀತಾರೆ. 2022ರಲ್ಲಿ ಅಲ್ಜೀರಿಯಾ ಫುಟ್‌ಬಾಲ್ ತಂಡದ ಜೆರ್ಸಿಯಲ್ಲಿ ಇದೇ ವಿನ್ಯಾಸ ಇದೆ ಅಂತ ಮೊರೊಕ್ಕೊ ಸರ್ಕಾರದ ಕಡೆಯಿಂದ ಅಡಿಡಾಸ್‌ಗೆ ಲೀಗಲ್ ನೋಟಿಸ್ ಹೋಗಿತ್ತು. ನನಗೆ ನೋಟಿಸಿನ ಭಯ ಇರ್ಲಿಲ್ಲ ಬಿಡಿ, ನನ್ನನ್ನ ಯಾರು ಕೇಳ್ತಾರೆ. ಆದ್ರೆ ಬಣ್ಣ ನೋಡಿ ಕಲಿಯೋದು ಬೇರೆ, ಇನ್ನೊಬ್ಬರ ಕೈಕೆಲಸ ಸ್ಕ್ಯಾನ್ ಮಾಡೋದು ಬೇರೆ. ಆಗಲ್ಲ ಅಂದೆ. ಬದಲಿಗೆ ಪುಸ್ತಕದಲ್ಲಿದ್ದ ಬಣ್ಣಗಳಿಂದ ಬರೀ ಪಟ್ಟೆಗಳನ್ನ ಮಾಡಿ ಕಳಿಸ್ದೆ. ಅಗಲವಾದ ಸುಣ್ಣದ ಬಿಳಿ, ಪಕ್ಕದಲ್ಲಿ ಪಂಚೆ ಅದ್ದಿದ ನೀರಿನ ತೆಳು ನೀಲಿ, ಅಂಚಲ್ಲಿ ಪುದೀನ ಹಸಿರಿನ ಒಂದೇ ಎಳೆ. "ಇದ್ರಲ್ಲಿ ಮೊರೊಕ್ಕೊ ಎಲ್ಲಿದೆ?" ಅಂದ್ರು. ಆರ್ಡರ್ ಹೋಯ್ತು, ಅಡ್ವಾನ್ಸೂ ವಾಪಸ್ ಕೊಟ್ಟೆ.

ಅದೇ ಪಟ್ಟೆಯಲ್ಲಿ ನಾನೇ 20 ದುಪಟ್ಟಾ ಪ್ರಿಂಟ್ ಮಾಡಿಸ್ದೆ. 11 ಮಾರಿವೆ. ಒಂದು ಅಜ್ಜಿ ಇಟ್ಕೊಂಡಿದ್ದಾರೆ.